ಷಡ್ಡಕನ ಮನೆಗೆ ಪಾದಯಾತ್ರೆ

"ಮೂರ್ನಾಡಿಂದ ಅಮ್ಮತ್ತಿಗೆ ಬಸ್ಸಲ್ಲಿ ಬರೋರು ಮುದುಕರು ಕಣೋ! ನಾನು ತೋಟದ ದಾರೀಲಿ ನಡ್ಕೊಂಡೇ ಬರ್ತೀನಿ. ಎಲೆ ಹಾಕಿರು!"

ಕುಶಾಲನಗರದ ಪ್ಲೈವುಡ್ ಅಂಗಡಿ ಮಾಲೀಕ ಶಶಿಕುಮಾರ್ ಫೋನಿನಲ್ಲಿ ಹೀಗೆ ಗುಡುಗಿದ್ದು ಷಡ್ಡಕ ಗಿರಿಗೆ. ಅಮ್ಮತ್ತಿ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಈ ಗಿರಿ, ತನ್ನ ಮಗುವಿನ ನಾಮಕರಣದಲ್ಲಿ ನೆಂಟರೆಲ್ಲರ ಎದುರು, "ನಮ್ಮಣ್ಣಂಗೆ ಗಲ್ಲಾದಿಂದ ಊಟದ ಮನೆಗೆ ಹೋಗೋದೇ ಟ್ರೆಕಿಂಗು" ಎಂದು ನಗಿಸಿದ್ದ. ಅಬ್ಬಾ, ಅವಮಾನ! ಸೇಡು ತೀರಲೇಬೇಕಿತ್ತು, ಅದೂ ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ.

ಮೂರ್ನಾಡಿನಲ್ಲಿ ಬಸ್ಸಿಳಿದ ಕೂಡಲೇ ಹೆಂಡತಿ ರಂಜಿತಾ ಕೊಡೆ ಬಿಚ್ಚಿದಳು. ಶಶಿಕುಮಾರ್ ಮುಖ ಕಿವುಚಿದ.

"ಟ್ರೆಕಿಂಗಿಗೆ ಕೊಡೆನಾ? ನನ್ನ ನೋಡು! ಶೂ ಹಾಕಿದೋನೇ ಶೂರ!"

"ಶೂರರೇ, ಮೊದ್ಲು ಲೇಸು ಕಟ್ಕೊಳಿ."

ಬೇತ್ರಿ ಸೇತುವೆ ದಾಟುವಷ್ಟರಲ್ಲಿ ಶೂರನ ನೀರಿನ ಬಾಟಲಿ ಬರಿದು. ತೋಟದ ಒಳದಾರಿ ಹಿಡಿಯುವಷ್ಟರಲ್ಲಿ ಹೆಂಡತಿಯದೂ ಬರಿದು. ಆದರೆ ಅವನ ಬಾಯಿ ಮಾತ್ರ ಒಣಗಲಿಲ್ಲ. ಜೀಪಿನಲ್ಲಿ ಹೋದವರು ಸೋಮಾರಿಗಳು, ಮರದಡಿ ಊಟಕ್ಕೆ ಕೂತವರು ಸೋಮಾರಿಗಳು, ಗೇಟಿನ ಬಳಿ ಮಲಗಿದ್ದ ನಾಯಿಯಂತೂ ಇಡೀ ಕೊಡಗಿನ ಮಾನ ಕಳೆಯುವ ಸೋಮಾರಿ!

"ಯಾರನ್ನಾದ್ರೂ ದಾರಿ ಕೇಳೋಣ್ರೀ."

"ನಾನು ದಾರಿ ಕೇಳೋದಾ? ಮ್ಯಾಪಿದೆ ಕಣೇ!"

ಮ್ಯಾಪಿತ್ತು, ಸಿಗ್ನಲ್ ಇರಲಿಲ್ಲ. ಸುತ್ತಿ ಸುತ್ತಿ ಅದೇ ನಾಯಿಯ ಎದುರು ಬಂದು ನಿಂತಾಗ ರಂಜಿತಾ ಅದಕ್ಕೊಂದು ಬಿಸ್ಕತ್ತು ಹಾಕಿ, "ನೀನೇ ವಾಸಿ ಕಣಪ್ಪ, ಇದ್ದಲ್ಲೇ ಇದ್ದೀಯ" ಎಂದಳು.

ಮುಂದಿನ ತಿರುವಿನಲ್ಲಿ ಮರಕ್ಕೊಂದು ಬೋರ್ಡು ಹೊಡೆದಿತ್ತು: 'ಆನೆಗಳಿವೆ, ಎಚ್ಚರಿಕೆ.'

"ಥೂ, ಪುಕ್ಕಲರಿಗೆ ಬರೆದಿರೋದು! ಆನೆ ಬಂದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು, ಅಷ್ಟೇ. ಆನೆ ಅನ್ನೋದು..."

ಕಾಫಿ ಗಿಡಗಳ ಹಿಂದೆ 'ಭುಸ್ಸ್' ಎಂದು ಸದ್ದಾಯಿತು. ಎಲೆಗಳು ಅಲ್ಲಾಡಿದವು. ಮರುಕ್ಷಣವೇ ನೀರಿನ ಧಾರೆಯೊಂದು ಭಾಷಣಕಾರನ ಬೆನ್ನಿಗೆ ಫಳಾರೆಂದು ಬಡಿಯಿತು!

"ಸೊಂಡಿಲು! ಆನೆ ಸೊಂಡಿಲು! ಅಯ್ಯಯ್ಯೋ!"

ಆಮೇಲೇನಾಯಿತೆಂದು ಶಶಿಕುಮಾರನಿಗೇ ಸರಿಯಾಗಿ ಗೊತ್ತಿಲ್ಲ. ಒಂದು ಶೂ ಕೆಸರಿನ ಪಾಲಾಯಿತು, ಟೋಪಿ ಮುಳ್ಳಿನ ಪಾಲಾಯಿತು. ಸಿಲ್ವರ್ ಓಕ್ ಮರವೊಂದನ್ನು ತಬ್ಬಿ, ಕಣ್ಣು ಮುಚ್ಚಿ, ಮನೆದೇವರ ಹೆಸರನ್ನು ಒಂದೇ ಸಮನೆ ಕೂಗತೊಡಗಿದ. ಯಾರೋ ಭುಜ ತಟ್ಟಿದರು.

"ಅಣ್ಣಾ, ಬಿಡಿ ಮರಾನ. ಅದು ಆನೆಯಲ್ಲ, ಸ್ಪ್ರಿಂಕ್ಲರು. ಕಾಫಿ ಹೂವಿಗೆ ನೀರು ಬಿಟ್ಟಿದ್ದೀವಿ."

ಸಾಕ್ಷಾತ್ ಗಿರಿ! ದಾರಿ ತಪ್ಪಿದ ಪಾದಯಾತ್ರೆ ಸರಿಯಾಗಿ ಅವನ ಎಸ್ಟೇಟಿಗೇ ಬಂದು ಮುಟ್ಟಿತ್ತು.

"ತಡಿಯೋ, ಹುಷಾರಾಗಿ ಇಳೀಬೇಕು," ಎಂದ ಶಶಿಕುಮಾರ್, ಕಣ್ಣು ಬಿಡದೆ.

"ಇಳಿಯೋದೇನಣ್ಣ, ಕಾಲು ನೆಲದ ಮೇಲೇ ಇದೆ!"

ಸ್ಪ್ರಿಂಕ್ಲರಿನ ಕೆಲಸದವರು ಪೈಪು ಕೆಳಗಿಟ್ಟು ನಕ್ಕರು. ರಂಜಿತಾ ಮೈಯೆಲ್ಲ ಕೆಸರಾಗಿ ಬಂದು ಎಸ್ಟೇಟಿನ ಜೀಪು ಹತ್ತಿದಳು. ಗಿರಿ ಸ್ಟಾರ್ಟ್ ಮಾಡುತ್ತಿದ್ದಂತೆ ಶಶಿಕುಮಾರ್ ಹಿಂದಿನ ಸೀಟಿನಲ್ಲಿ ಅವಳ ಕಿವಿಗೆ ಬಾಗಿದ.

"ಮನೇಲಿ ನಾನು ಹೆದರಿ ಓಡಿದೆ ಅನ್ಬೇಡ ಕಣೇ. ಆನೆ ನನ್ನ ಹಿಂದೆ ಬರ್ಲಿ, ನೀನು ಉಳ್ಕೋ ಅಂತ ಓಡಿದ್ದು ಅನ್ನು."

"ಹಂಗೇ ಅಂತೀನಿ ಬಿಡಿ," ಎಂದಳು ರಂಜಿತಾ, ಸೆರಗಿನ ಕೆಸರು ಕೆರೆಯುತ್ತಾ. "ಆದ್ರೆ ಓಡೋಕೆ ಮುಂಚೆ ನನ್ನನ್ನ ಆನೆ ಕಡೆಗೆ ತಳ್ಳಿದ್ದು ಯಾಕೆ ಅಂತ ಕೇಳಿದ್ರೆ?"