ಸುರಂಗದ ಬಾಯಲ್ಲಿ ಒಂದು ಜೊತೆ ಚಪ್ಪಲಿ

ನಗು ಬರುವ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಮೊದಲು ಇಬ್ಬರು ನಗುತ್ತಿದ್ದೆವು. ಈಗ ನಾನೊಬ್ಬನೇ. ಅವು ಮಾತ್ರ ಬರುವುದು ಬಿಟ್ಟಿಲ್ಲ.

ನಾನು ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಹೋಟೆಲಿನ ಅಡುಗೆ ಭಟ್ಟ. ಓದಿದ್ದು ನಾಲ್ಕನೇ ಕ್ಲಾಸು. ಇಲ್ಲಿಯ ಕನ್ನಡದವರು ವರ್ಷಕ್ಕೊಂದು ಪ್ರವಾಸ ಹೋಗುತ್ತಾರೆ. ಒಂದು ಸಲ ಯುದ್ಧದ ಕಾಲದಲ್ಲಿ ಸೈನಿಕರು ಗುಡ್ಡ ಕೊರೆದು ಮಾಡಿದ ಸುರಂಗ ನೋಡುವುದು ಎಂದಾಗಿತ್ತು. ಅಷ್ಟರಲ್ಲಿ ದೇಶಕ್ಕೆಲ್ಲ ಕಾಡ್ಗಿಚ್ಚಿನ ಹೊಗೆ ಕವಿಯಿತು. ಪ್ರವಾಸ ನಿಂತಿತು. ಆಮೇಲೆ ಹೊಗೆ ಹೋಯಿತು. ನನ್ನ ಹೆಂಡತಿಯೂ ಹೋದಳು.

ಮರುವರ್ಷ ಮತ್ತೆ ಹೊರಟರು. ನಿಂತುಹೋದ ಪ್ರವಾಸಕ್ಕೆಂದೇ ಅವಳು ನೀಲಿ ಪಟ್ಟಿಯ ಹೊಸ ಚಪ್ಪಲಿ ತಂದಿಟ್ಟಿದ್ದಳು. "ಸುರಂಗಕ್ಕೆ ಹೋಗುವ ದಿನವೇ ಹಾಕುವುದು" ಅನ್ನುತ್ತಿದ್ದಳು. ಅದನ್ನು ಚೀಲದಲ್ಲಿ ಹಾಕಿಕೊಂಡೆ. ಅವಳನ್ನು ಕರೆದುಕೊಂಡು ಹೋಗಲು ಬೇರೆ ದಾರಿ ತಿಳಿಯಲಿಲ್ಲ.

ಬಸ್ಸು

ಐದೂವರೆಗೆ ಬಸ್ಸು ಎಂದು ಮೇಷ್ಟ್ರು ಫೋನು ಮಾಡಿದ್ದರು. ಉಡುಪಿ ಕಡೆಯವರು, ಇಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಪ್ರವಾಸದ ಉಸ್ತುವಾರಿ ಅವರದೇ. ನಾನು ಐದೂಕಾಲಿಗೇ ಹೋಗಿ ನಿಂತೆ. ಬಸ್ಸಿಲ್ಲ. ಜನ ಇಲ್ಲ. ಆರೂಕಾಲಿಗೆ ಮೇಷ್ಟ್ರು ಬಂದರು. ನನ್ನನ್ನು ಕಂಡು ಮುಖ ಸಣ್ಣದು ಮಾಡಿದರು.

"ಭಟ್ರೇ, ತಪ್ಪು ತಿಳೀಬೇಡಿ. ಬಸ್ಸು ಆರೂವರೆಗೆ. ನಿಮ್ಮ ಮನೆಗೆ ಮಾತ್ರ ಒಂದು ಗಂಟೆ ಮುಂಚೆ ಹೇಳಿ ರೂಢಿ."

ಅವರು ಹೇಳಿದ್ದು ಸರಿಯೇ. ಬೀಗ ಹಾಕಿದ ಮೇಲೆ ಅವಳು "ಇವ್ರೇ, ಗ್ಯಾಸು ನೋಡಿ ಬರ್ತೇನೆ" ಅನ್ನುವಳು. ಗ್ಯಾಸು ಆದ ಮೇಲೆ ನಲ್ಲಿ. ನಲ್ಲಿ ಆದ ಮೇಲೆ ಹಿಂಬಾಗಿಲು.

"ಎಷ್ಟು ವರ್ಷದಿಂದ ಈ ಸುಳ್ಳು?" ಎಂದೆ.

"ಆರು ವರ್ಷ. ಆದರೂ ನೀವು ಒಂದು ಸಲವೂ ಟೈಮಿಗೆ ಬರಲಿಲ್ಲ."

ಬೂಟು

ಗೈಡು ತಮಿಳಿನವರು. ಹೆಚ್ಚುಕಮ್ಮಿ ನನ್ನ ವಯಸ್ಸು. ಸುರಂಗದ ಬಾಗಿಲಲ್ಲಿ ನಿಂತು ಮಾತು ಶುರು ಮಾಡುವಷ್ಟರಲ್ಲಿ ನಮ್ಮವರೆಲ್ಲ ಚಪ್ಪಲಿ ಬಿಟ್ಟು ಸಾಲಾಗಿ ಇಟ್ಟಾಗಿತ್ತು. ಈ ದೇಶದಲ್ಲಿ ನಾವು ನೋಡಿದ ಗುಹೆಗಳಲ್ಲೆಲ್ಲ ಒಳಗೆ ದೇವರಿದ್ದ. ಕಾಲಿಗೆ ಅದೇ ಅಭ್ಯಾಸ. ನನ್ನ ಚಪ್ಪಲಿಯ ಪಕ್ಕ ಅವಳದ್ದೂ ಇಟ್ಟೆ. ಯಾರೂ ನೋಡಲಿಲ್ಲ.

"ಒಳಗೆ ಸಾಮಿ ಇಲ್ಲ ಲಾ" ಎಂದು ಈ ದೇಶದ ರಾಗದಲ್ಲಿ ಹೇಳಿದರು ಗೈಡು. "ಸೈನಿಕರು ಮಲಗುತ್ತಿದ್ದ ಜಾಗ. ಚಪ್ಪಲಿ ಹಾಕಿಕೊಳ್ಳಿ."

ಮೇಷ್ಟ್ರ ತಾಯಿ ಕೇಳಿದರು: "ಮೇಲಿಂದ ಬಾಂಬು ಬೀಳುವಾಗ ಇದರೊಳಗೆ ಕೂತವರು ಯಾರ ಹೆಸರು ಹೇಳಿದರಪ್ಪ?"

 ಗೈಡು ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚಿದರು.

ಕೈ

ನಡುವೆ ಒಂದು ಕಡೆ ಗೈಡು ದೀಪ ಆರಿಸಿದರು. ಸೈನಿಕರು ಕಂಡ ಕತ್ತಲೆ ನಮಗೂ ತಿಳಿಯಲಿ ಎಂದು. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಕರೆಂಟು ಹೋದಾಗ ನನ್ನ ಬಲಗೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಆವತ್ತೂ ಹೋಯಿತು. ಅಲ್ಲಿ ಒಂದು ಕೈ ಇತ್ತು. ಬೆಚ್ಚಗಿತ್ತು. ಹಿಡಿದುಕೊಂಡೆ. ಆ ಕೈಯೂ ಗಟ್ಟಿಯಾಗಿ ಹಿಡಿಯಿತು. ದೀಪ ಬರುವುದು ಬೇಡ ಅನಿಸಿತು.

ದೀಪ ಬಂತು. ಮೇಷ್ಟ್ರು.

ನಾನು ಬಿಟ್ಟೆ. ಅವರು ಬಿಡಲಿಲ್ಲ.

"ಇನ್ನೊಮ್ಮೆ ಆರಿಸ್ತಾರೋ ಏನೋ, ಭಟ್ರೇ. ಇರಲಿ" ಎಂದರು.

ಚಪ್ಪಲಿ

ಹೊರಗೆ ಬಂದು ಚಪ್ಪಲಿ ಮೆಟ್ಟಿ, ನಾನು ನಲ್ಲಿಯ ಹತ್ತಿರ ಮುಖ ತೊಳೆಯಲು ಹೋದೆ. ತಿರುಗಿ ಬರುವಾಗ ಗಲಾಟೆ. ಸಾಲಿನಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ ಉಳಿದಿದೆ. ನೀಲಿ ಪಟ್ಟಿ.

"ಒಳಗೆ ಒಬ್ಬ ಅಮ್ಮ ಇದ್ದಾರೆ" ಎಂದರು ಗೈಡು. ಅವರ ಹಣೆಯಲ್ಲಿ ಬೆವರು.

ಮೇಷ್ಟ್ರು ಮೂರು ಸಲ ಎಣಿಸಿದರು. "ಇಪ್ಪತ್ತಾರು ಜನ. ಎಲ್ಲ ಇದ್ದಾರಲ್ಲ."

"ಸಾರ್, ತಲೆ ಎಣಿಸುವುದು ತಪ್ಪಬಹುದು. ಚಪ್ಪಲಿ ತಪ್ಪುವುದಿಲ್ಲ."

ಗೈಡು ಟಾರ್ಚು ಹಿಡಿದು ಒಳಗೆ ಓಡಿದರು. ಅಷ್ಟು ಅವಸರದಲ್ಲೂ ಬೂಟು ಬಿಚ್ಚಿಟ್ಟೇ ಓಡಿದರು. "ಅಮ್ಮಾ, ಅಮ್ಮಾ" ಎಂದು ಕೂಗುವುದು ಕೇಳಿಸಿತು. ಕೂಗು ಒಳಗೆ ಹೋಗಿ ತಿರುಗಿ ಬರುತ್ತಿತ್ತು.

ನಾನು ಆಗಲೇ ಹೇಳಬೇಕಿತ್ತು.  ಆದರೆ ಒಂದು ವರ್ಷದಿಂದ ಅವಳನ್ನು ಯಾರೂ ಕೂಗಿ ಕರೆದಿರಲಿಲ್ಲ. ನಾನೂ ಎಲ್ಲರ ಜೊತೆ ಸುರಂಗದ ಬಾಯಿ ನೋಡುತ್ತ ನಿಂತೆ.

ಕೊನೆಗೆ ಮೇಷ್ಟ್ರ ಕಿವಿಯಲ್ಲಿ ಹೇಳಿದೆ. "ಅದು ನಮ್ಮವಳದ್ದು. ನಾನು ತಂದದ್ದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಗೈಡು ಹೊರಗೆ ಬಂದಾಗ ತಮಿಳಿನಲ್ಲಿ ಎಲ್ಲ ತಿಳಿಸಿದರು. ನನಗೆ ಬೈಗುಳ ಗ್ಯಾರಂಟಿ ಎಂದುಕೊಂಡೆ. ಆ ಪುಣ್ಯಾತ್ಮ ಬಗ್ಗಿ, ಒಳಮುಖವಾಗಿದ್ದ ಚಪ್ಪಲಿಗಳನ್ನು ಹೊರಮುಖವಾಗಿ ತಿರುಗಿಸಿಟ್ಟ. ಬಂದವರು ಮೆಟ್ಟಿಕೊಳ್ಳಲು ಸುಲಭವಾಗುವ ಹಾಗೆ.

"ಇರಲಿ ಅಣ್ಣಾ. ನಿಧಾನಕ್ಕೆ ನೋಡಿಕೊಂಡು ಬರಲಿ."

ಆಚೆ ಬಸ್ಸಿನವನು ಎರಡು ಸಲ ಹಾರ್ನು ಹೊಡೆದ. ನಾನು ಚಪ್ಪಲಿ ತೆಗೆದುಕೊಳ್ಳಲು ಕೈ ಚಾಚಿದೆ. ಮೇಷ್ಟ್ರು ತಡೆದರು.

"ಹೊಡೀಲಿ ಬಿಡಿ, ಭಟ್ರೇ. ವಾಪಸು ಹೊರಡಲು ಅವನಿಗೂ ಒಂದು ಗಂಟೆ ಮುಂಚಿನ ಟೈಮೇ ಹೇಳಿದ್ದೇನೆ."