ಮುಚ್ಚಿದ ಲ್ಯಾಪ್‌ಟಾಪಿನೊಳಗಿನ ಕೆಮ್ಮು

ಪಾಠ ಮಾಡುವವರು ಯಂತ್ರಗಳ ಮುಂದೆ ಧೈರ್ಯ ನಟಿಸಲೇಬೇಕಾಗುತ್ತದೆ. ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಪ್ರೊಜೆಕ್ಟರ್ ಕೈಕೊಟ್ಟಾಗ ಅದರ ತಲೆಗೆ ಎರಡೇಟು ಹಾಕಿ ಸರಿಮಾಡಿದ ಖ್ಯಾತಿಯೂ ನನಗಿದೆ. ಆದರೆ ಮಾಂಬಳ್ಳಿಯ ನಮ್ಮ ಮನೆಯಲ್ಲಿ ಮಿಕ್ಸಿ ಇದ್ದಕ್ಕಿದ್ದಂತೆ ನಿಂತರೂ ನನ್ನ ಎದೆ ಹಾರುತ್ತದೆ. ಇಂಥವಳ ಲ್ಯಾಪ್‌ಟಾಪು, ಅದೂ ಮುಚ್ಚಿಟ್ಟ ಲ್ಯಾಪ್‌ಟಾಪು, ಕೆಮ್ಮಿದರೆ ಗತಿಯೇನು ನೀವೇ ಹೇಳಿ.

ಮೊದಲು ಕಾಟ ಕೊಟ್ಟದ್ದು ಬ್ಯಾಟರಿ. ಬೇಸಿಗೆ ರಜೆ ಶುರುವಾಗಿ, ಲ್ಯಾಪ್‌ಟಾಪು ಹಗಲೆಲ್ಲ ಮನೆಯಲ್ಲೇ ಉಳಿಯತೊಡಗಿತ್ತು. ಬೆಳಿಗ್ಗೆ ಪೂರ್ತಿ ಚಾರ್ಜು ಮಾಡಿ, ಮುಚ್ಚಿ, ಚೀಲಕ್ಕೆ ಹಾಕಿ ನಡುಮನೆಯ ಮಂಚದ ಮೇಲಿಟ್ಟರೆ ಸಂಜೆಗೆ ಖಾಲಿ. ಖಾಲಿಯಾಗುವುದು ಹಾಗಿರಲಿ, ಚೀಲದೊಳಗೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. "ಬ್ಯಾಟ್ರಿಗೂ ವಯಸ್ಸಾಯ್ತದೆ ಬುಡು" ಎಂದು ನಮ್ಮ ಯಜಮಾನರು ತೋಟಕ್ಕೆ ಹೊರಟರು. ಕೊಳ್ಳೇಗಾಲದ ರಿಪೇರಿ ಅಂಗಡಿಯವನು ಅದನ್ನು ಅಂಗಾತ ಮಲಗಿಸಿ ನೋಡಿ, "ಬ್ಯಾಟ್ರಿ ಚೆನ್ನಾಗೇ ಅದೆ ಮೇಡಂ. ಒಳಗೆ ಯಾವ್ದೋ ಆ್ಯಪ್ ಓಡ್ತಾ ಇರ್ಬೇಕು" ಎಂದ.

"ಮುಚ್ಚಿದ ಮೇಲೂ ಓಡುತ್ತಾ?"

"ಮುಚ್ಚುದ್ರೆ ಮಲೀಕಬೇಕು. ಕೆಲವು ಮಲೀಕಳಲ್ಲ."

ಅವನು ಹೇಳಿದ್ದು ಯಂತ್ರದ ಮಾತು. ಆದರೂ ಬಸ್ಸಿನಲ್ಲಿ ಬರುವಾಗ ಚೀಲವನ್ನು ತೊಡೆಯ ಮೇಲಿಂದ ತೆಗೆದು ಕಾಲ ಬಳಿ ಇಟ್ಟೆ.

ಕೆಮ್ಮು ಕೇಳಿದ್ದು ಮರುದಿನ ಮಧ್ಯಾಹ್ನ. ಯಜಮಾನರು ಮನೆಯಲ್ಲಿರಲಿಲ್ಲ. ಅತ್ತೆಯವರು ಊಟವಾದ ಮೇಲೆ ಎಂದಿನಂತೆ ರಾಗಿ ಮೂಟೆ ಇಡುವ ಕೋಣೆ ಸೇರಿ ಬಾಗಿಲು ಮರೆಮಾಡಿಕೊಂಡಿದ್ದರು. ನಾನು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಮಂಚದ ಮೇಲಿನ ಚೀಲದೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ಮಾತಿಗೆ ಮುಂಚೆ ಹಾಗೆ ಕೆಮ್ಮುತ್ತಿದ್ದವರು ನಮ್ಮ ಮನೆಯಲ್ಲಿ ಒಬ್ಬರೇ, ನಮ್ಮ ಮಾವ. ಅವರು ಮಣ್ಣಾಗಿ ತಿಂಗಳುಗಳೇ ಕಳೆದಿದ್ದವು. ಆಮೇಲೆ ಕಂಬಳಿಯೊಳಗಿಂದ ಬಂದಂಥ ದನಿ: "ಅಲೋ... ಕೇಳ್ತಾ ಅದಾ?" ಮುಂದಿನ ಮಾತು ಕೇಳಲು ನಾನು ಅಲ್ಲಿರಲಿಲ್ಲ, ಹಿತ್ತಿಲಲ್ಲಿದ್ದೆ.

ಮಾರನೆಯ ದಿನವೂ ಅದೇ ಕೆಮ್ಮು, ಅದೇ ಪ್ರಶ್ನೆ, ಅದೇ ಹಿತ್ತಿಲು. ಯಜಮಾನರಿಗೆ ಹೇಳಿದರೆ ನಕ್ಕರು. ನಗುತ್ತಲೇ ಮಂಚದಿಂದೆದ್ದು ಹೋಗಿ ಜಗಲಿಯಲ್ಲಿ ಕೂತರು. ನಾನು ಚೀಲಕ್ಕೆ ಮೂರು ಬೆರಳಿನ ವಿಭೂತಿ ಬಳಿದೆ. ಅದರಿಂದ ಚೀಲಕ್ಕೆ ಕಳೆ ಬಂತೇ ಹೊರತು ಬ್ಯಾಟರಿ ಉಳಿಯಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಓಡಿಹೋಗಲು ಅನುವಾಗಿ ಹಿತ್ತಿಲ ಬಾಗಿಲು ತೆರೆದಿಟ್ಟುಕೊಂಡು, ಲ್ಯಾಪ್‌ಟಾಪು ಬಿಚ್ಚಿದೆ. ಯಾವ ಆ್ಯಪು ಎಷ್ಟು ಬ್ಯಾಟರಿ ತಿಂದಿದೆ ಎಂದು ತೋರಿಸುವ ಪುಟ ತೆಗೆದೆ. ಎಲ್ಲಕ್ಕಿಂತ ಮೇಲಿದ್ದದ್ದು ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಆ್ಯಪು. ಅದನ್ನು ಒತ್ತಿದರೆ ಒಳಗೆ ಬರೆದಿತ್ತು: ‘ಮಾವ, ಕನೆಕ್ಟೆಡ್.’

ಆ ಹೆಸರು ಕೊಟ್ಟವಳು ನಾನೇ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದ ಫೋಟೋಗಳನ್ನು ದೊಡ್ಡದಾಗಿ ನೋಡಬೇಕೆಂದು ಮಾವ ಆಸೆಪಟ್ಟಾಗ ಅವರ ಫೋನನ್ನು ಜೋಡಿಸಿದ್ದೆ. ಆ ಫೋನು ಅವರ ಕನ್ನಡಕ, ಊರುಗೋಲಿನ ಜೊತೆ ಗುಂಡಿಗೆ ಇಳಿಯಿತೆಂದೇ ನಾವೆಲ್ಲ ನಂಬಿದ್ದೆವು. ತೆರೆದಿಟ್ಟ ಹಿತ್ತಿಲ ಬಾಗಿಲನ್ನೊಮ್ಮೆ ನೋಡಿದೆ. ಆದರೂ ಯೋಚಿಸಿದೆ. ರುದ್ರಭೂಮಿ ಇರುವುದು ಕೆರೆಯಾಚೆ. ಬ್ಲೂಟೂತು ಅಷ್ಟು ದೂರ ಬರುವುದಿಲ್ಲ. ಅಂದರೆ ಫೋನು ಮನೆಯೊಳಗೇ ಇದೆ. ಸಮಾಧಾನಕ್ಕೆಂದು ಯೋಚಿಸಿದ ನನಗೆ ನಿಜವಾದ ಭಯ ಹಿಡಿದದ್ದು ಆಗಲೇ.

ಅಷ್ಟರಲ್ಲಿ ಲ್ಯಾಪ್‌ಟಾಪು ಕೆಮ್ಮಿತು. ಮನೆಯಲ್ಲಿದ್ದವರು ನಾನು, ಅತ್ತೆ ಇಬ್ಬರೇ. ಈ ಸಲ ಕಾಲು ಹಿತ್ತಿಲ ಕಡೆ ಹೋಗದೆ ರಾಗಿ ಕೋಣೆಯ ಕಡೆ ನಡೆಯಿತು. ಬಾಗಿಲು ತಳ್ಳಿದೆ. ಅತ್ತೆ ಮೂಟೆಗೆ ಒರಗಿ ಕೂತಿದ್ದರು. ಮಡಿಲಲ್ಲಿ ಮಾವನ ಫೋನು. ತೆರೆಯನ್ನು ಬೆರಳಿನಿಂದ ಒತ್ತುತ್ತ, ಕಿವಿಗೆ ಹಿಡಿಯುತ್ತ, ಮತ್ತೆ ಒತ್ತುತ್ತ ಇದ್ದರು.

"ಅತ್ತೆ, ಅದು ಮಾವನ ಫೋನಲ್ವಾ?"

ಅವರು ಬಚ್ಚಿಡಲಿಲ್ಲ. "ಮಣ್ಗಿಡೋವಾಗ ನಾನೇ ತಕಂಡೆ ಕಣವ್ವ. ಕನ್ನಡ್ಕ ಓಗ್ಲಿ, ಕೋಲು ಓಗ್ಲಿ. ಮಾತ್ನೂ ಮಣ್ಗಾಕ್ಬೇಕಾ?"

ಮಾವ ಮಧುವನಹಳ್ಳಿಯ ಗೆಳೆಯರೊಬ್ಬರಿಗೆ ದಿನವೂ ದನಿಯಲ್ಲೇ ಸಂದೇಶ ಕಳಿಸುತ್ತಿದ್ದರು. ಅವೆಲ್ಲ ಫೋನಿನಲ್ಲೇ ಉಳಿದಿದ್ದವು. "ನೀನು ಕಾಲೇಜ್ಗೆ ಓದ್ಮೇಲೆ ದಿನಾ ಕೇಳ್ತಿದ್ದೆ. ನಿನ್ಗೆ ರಜ ಸುರುವಾದಾಗ್ಲಿಂದ ಮಾತಾಡ್ತಿಲ್ಲ. ಒತ್ತುದ್ರೆ ಗೆರೆ ಓಡ್ತದೆ, ಸದ್ದು ಬರಾಕಿಲ್ಲ. ಯಾರ್ನ ಕೇಳಾನ ಏಳು" ಎಂದು ಸೆರಗಿನಿಂದ ಫೋನು ಒರೆಸಿದರು. "ಎಲ್ಡ್ನೇ ಸಲವೂ ಓಗ್ಬುಟ್ರು ಅನ್ಕಂಡೆ."

ಅವರು ಒತ್ತಿದ ಮಾತೆಲ್ಲ ಗೋಡೆಯಾಚೆ ನನ್ನ ಚೀಲದೊಳಗೆ ಕೇಳಿಸುತ್ತಿತ್ತು. ಕಿವಿ ಮಂದವಾದ ಅತ್ತೆಗೆ ಅಲ್ಲಿನ ದನಿ ಕೇಳಿಸುವುದಿಲ್ಲ, ಕೇಳಿದ ನಾನು ನಿಲ್ಲುವವಳಲ್ಲ. ನಡುಮನೆಗೆ ಹೋಗಿ ಆ ಆ್ಯಪು ಹಿನ್ನೆಲೆಯಲ್ಲಿ ಓಡದಂತೆ ತಡೆದೆ, ಫೋನಿನ ಜೋಡಣೆ ಕಳಚಿದೆ. ಮಾವನ ಹೆಸರಿನ ಪಕ್ಕದ ‘ಕನೆಕ್ಟೆಡ್’ ಅಳಿಸಿಹೋಗುವವರೆಗೆ ನೋಡಿದೆ. ಹಿಂದಿರುಗಿ, "ಈಗ ಒತ್ತಿ ಅತ್ತೆ" ಎಂದೆ.

ಮಡಿಲಲ್ಲಿ ಮಾವ ಕೆಮ್ಮಿದರು. "ಅಲೋ, ಕೇಳ್ತಾ ಅದಾ? ಊಟ ಆಯ್ತು ಕಣ್ಲಾ. ಇವತ್ತೂ ಸೊಸೆದೇ ಅಡ್ಗೆ. ಉಪ್ಸಾರು ಅಂತ ಮಾಡವ್ಳೆ, ಉಪ್ಪೂ ಇಲ್ಲ, ಸಾರೂ ಅಲ್ಲ. ಓದಿರೋ ಎಣ್ಮಗ, ಬೇಜಾರ್ ಮಾಡ್ಕತ್ತದೆ ಅಂತ ಎಲ್ಡ್ ಸಲ ಆಕುಸ್ಕಂಡು ಉಂಡೆ."

ಅತ್ತೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಕೈ ಹಿಡಿಯಹೋದೆ. ನಗುತ್ತಿದ್ದರು. "ಇನ್ನೂ ಅವೆ ಕಣವ್ವ. ನಿನ್ ಮುದ್ದೆ ಇಚಾರ್ವೇ ಒಂದದೆ, ಕೇಳು" ಎಂದು ಜಾಗ ಮಾಡಿಕೊಟ್ಟರು.

ಈಗ ಬ್ಯಾಟರಿ ಸಂಜೆಯವರೆಗೂ ತುಂಬಿಕೊಂಡೇ ಇರುತ್ತದೆ. ಮಧ್ಯಾಹ್ನ ಮಾತ್ರ ಕೋಣೆಯಿಂದ ನನ್ನ ಅಡುಗೆಯ ಗುಣಗಾನ ಗಟ್ಟಿಯಾಗಿ ಕೇಳಿಬರುತ್ತದೆ. ಮುಚ್ಚುಮರೆಯೇನೂ ಉಳಿದಿಲ್ಲವಲ್ಲ. ದೆವ್ವವಾಗಿದ್ದರೆ ಯಾರಿಂದಲಾದರೂ ಮಂತ್ರ ಹಾಕಿಸಬಹುದಿತ್ತು. ಇದಕ್ಕೆ ನಾನೇ ಉಪ್ಪು ಹಾಕಬೇಕು.