ಠಾಣೆಯಲ್ಲಿ ಮೂರು ದಿನ

ಊರಿನ ಹಳೆಯ ವಾರಪತ್ರಿಕೆಗಳನ್ನು ಇತಿಹಾಸಕ್ಕೆ ಧಾರಾಳವಾಗಿ ನಂಬಬಹುದು ಎಂಬುದು ನನ್ನ ಸಂಶೋಧನಾ ಪ್ರಬಂಧದ ಮೊದಲ ಅಧ್ಯಾಯದ ಸಾರಾಂಶ. ಅದನ್ನು ಬರೆಯುವಾಗ ನಾನಿನ್ನೂ ಪತ್ರಿಕೆಯಲ್ಲಿ ಬಂದಿರಲಿಲ್ಲ.

ನನ್ನ ವಿಷಯ, ತಿಪಟೂರು ಸೀಮೆಯ ಪೊಲೀಸರ ಚರಿತ್ರೆ. ಹಳೆಯ ಪತ್ರಿಕೆಗಳ ಸುದ್ದಿಯನ್ನು ಠಾಣೆಯ ಹಳೆಯ ದಿನಚರಿಗಳೊಂದಿಗೆ ಹೋಲಿಸಿ ನೋಡಲು ಅನುಮತಿ ಪಡೆದು ಮೂರು ದಿನ ಠಾಣೆಗೆ ಹೋದೆ. ದಾಖಲೆ ಕೋಣೆಯಲ್ಲಿ ಫ್ಯಾನಿರಲಿಲ್ಲ. ಕಡತ ನೋಡಿಕೊಳ್ಳುವ ಮುಖ್ಯಪೇದೆ ಬಸವರಾಜಪ್ಪನವರು ಮರುಕದಿಂದ ನನ್ನನ್ನು ಲಾಕಪ್ಪಿನ ಎದುರಿನ ಬೆಂಚಿನಲ್ಲಿ ಕೂರಿಸಿದರು. ಬೆಂಚು ರಸ್ತೆಗೆ ಚೆನ್ನಾಗಿ ಕಾಣುತ್ತಿತ್ತು. ಮನೆಯಲ್ಲಿ ಲೈಬ್ರರಿಗೆ ಎಂದು ಹೇಳಿದ್ದೆ. ಯಾರ ಬಾಯಿಗೂ ಸಿಗದೆ ಬದುಕುವುದು ನಾನು ಜೋಪಾನ ಮಾಡಿಕೊಂಡು ಬಂದ ಏಕೈಕ ಆಸ್ತಿ.

ವಾರದ ಕೊನೆಗೆ ಪಕ್ಕದ ಮನೆಯ ಗಿರಿಜಕ್ಕ ನಾಲ್ಕು ಪುಟದ ವಾರಪತ್ರಿಕೆ ಹಿಡಿದು ಬಂದರು. ತಲೆಬರಹ: "ಪದವೀಧರೆ ಮೂರು ದಿನ ಠಾಣೆಯಲ್ಲಿ: ಪೊಲೀಸರ ಮೌನ."

"ಹೆಸರು ಹಾಕಿಲ್ಲ ಬುಡು," ಎಂದು ಸಮಾಧಾನ ಹೇಳಿದರು. "ಕನ್ನಡಕ, ನೀಲಿ ಬ್ಯಾಗು ಅಂತ ಅಷ್ಟೇ ಬರ್ದವ್ರೆ. ಬ್ಯಾಗು ಚೆನ್ನಾಗೈತೆ ಅಂತ ನಾನೇ ಅಂದಿರ್ಲಿಲ್ವೇನೇ?"

ಅಮ್ಮ ಒಲೆ ಆರಿಸಿ ಬಂದಳು. "ಲೈಬ್ರರಿ ಸ್ಟೇಷನ್ನಿಗೆ ಯಾವಾಗ ಹೋಯ್ತೇ?"

ಸುಮ್ಮನಿದ್ದಿದ್ದರೆ ಮುಂದಿನ ವಾರ ಊರು ಆ ಪತ್ರಿಕೆಯಲ್ಲಿ ಬೋಂಡ ಕಟ್ಟಿಸಿಕೊಂಡು ಮರೆಯುತ್ತಿತ್ತು. ಆದರೆ ನಾನು ನಿಖರತೆಯಲ್ಲಿ ನಂಬಿಕೆ ಇಟ್ಟವಳು. ಹೆಸರು, ಪದವಿ, ಸಂಶೋಧನೆಯ ವಿಷಯ ಎಲ್ಲವನ್ನೂ ಬರೆದುಕೊಟ್ಟು ಸಂಪಾದಕರಲ್ಲಿ ತಿದ್ದುಪಡಿ ಕೋರಿದೆ. ಬಿಡುವಿನಲ್ಲಿ ಲಗ್ನಪತ್ರಿಕೆಯನ್ನೂ ಅಚ್ಚು ಹಾಕುವ ಸಜ್ಜನರು. "ಮೊದಲ ಪುಟದಲ್ಲೇ ಹಾಕ್ತೀನಿ ಕಣಮ್ಮ," ಎಂದರು. ಹಾಕಿದರು.

"ತಾವು ಯಾವುದೇ ಕಳವು, ವಂಚನೆ ಅಥವಾ ಪ್ರೇಮ ಪ್ರಕರಣದಲ್ಲಿ ಭಾಗಿಯಾಗಿಲ್ಲವೆಂದು ಕುಮಾರಿ ಸುಮಾ ಸ್ಪಷ್ಟಪಡಿಸಿದ್ದಾರೆ." ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ನನ್ನ ಫೋಟೋ.

"ಪ್ರೇಮ ಎಲ್ಲಿಂದ ಬಂತು?" ಎಂದಳು ಅಮ್ಮ.

"ಫೋಟೋ ಎಲ್ಲಿಂದ ಬಂತು?" ಎಂದೆ ನಾನು.

ಅಮ್ಮ ಒಲೆಯ ಕಡೆ ತಿರುಗಿದಳು. ಗಂಡು ಹುಡುಕಲೆಂದು ಫೋಟೋ ಸಮೇತ ನನ್ನ ವಿವರ ಅದೇ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದೆ ಎಂದು ನನಗೆ ತಿಳಿದದ್ದು ಆಗಲೇ. ಗುಟ್ಟು ಕಾಯುವ ಗುಣ ನನಗೆ ವಂಶಪಾರಂಪರ್ಯವಾಗಿ ಬಂದದ್ದು.

ಮತ್ತೆ ಪ್ರೆಸ್ಸಿಗೆ ಹೋದೆ. "ಮೂರನೇ ವಾರಾನೂ ಹಾಕಿದ್ರೆ ಧಾರಾವಾಹಿ ಆಗೋಯ್ತದೆ ಕಣಮ್ಮ," ಎಂದರು ಸಂಪಾದಕರು. "ಸ್ಟೇಷನ್ನಿಂದ ಒಂದು ಕಾಗದ ತಂದುಬುಡು."

ಬಸವರಾಜಪ್ಪನವರಿಗೆ ಫೋನ್ ಮಾಡಿದೆ. ಅವರು ಕಾಗದ ಬರೆದದ್ದಲ್ಲದೆ, ಹೆಣ್ಣುಮಗಳು ಮತ್ತೆ ಠಾಣೆಯ ಮೆಟ್ಟಿಲು ಹತ್ತುವುದು ಬೇಡವೆಂದು ಸಮವಸ್ತ್ರದಲ್ಲಿ ತಾವೇ ತಂದುಕೊಟ್ಟರು. ಮನೆ ಸಿಗದೆ, ಪತ್ರಿಕೆಯ ಫೋಟೋವನ್ನು ಬೀದಿಯ ಪ್ರತಿ ಬಾಗಿಲಿಗೂ ತೋರಿಸಿ ಕೇಳಿಕೊಂಡು ಬಂದರಂತೆ. ಗಿರಿಜಕ್ಕ ನಮ್ಮ ಗೇಟಿನವರೆಗೂ ಜೊತೆಗೆ ಬಂದಿದ್ದರು.

"ಕೇಸಿಲ್ಲ ಅಂತ ಹೇಳಕ್ಕೇ ಬಂದಿರೋದು ಕಣ್ರೀ," ಎಂದು ಬಸವರಾಜಪ್ಪನವರು ಸೇರಿದ್ದವರಿಗೆಲ್ಲ ವಿವರಿಸಿದರು. ಯಾರೂ ನಂಬಲಿಲ್ಲ.

ಅಂದು ಪ್ರಬಂಧ ತೆರೆದು ಕೂತೆ. ತುರುವೇಕೆರೆ ಕಡೆಯ ಕೆಂಪಮ್ಮ ಎಂಬಾಕೆ ಎರಡು ದಿನ ಠಾಣೆಯಲ್ಲಿದ್ದಳೆಂಬ ಹಳೆಯ ಪತ್ರಿಕೆಯ ಒಂದೇ ಸಾಲು ಹಿಡಿದು, ಅವಳ ಅಪರಾಧ ಪ್ರವೃತ್ತಿಯ ಬಗ್ಗೆ ಎರಡು ಪುಟ ಬರೆದಿದ್ದೆ. ಬರೆದಾಗ ಹೆಮ್ಮೆಪಟ್ಟಿದ್ದೆ ಕೂಡ.

ಮರುದಿನ ಹೋಗಿ ಅದೇ ಬೆಂಚಿನಲ್ಲಿ ಕೂತು ಆ ವರ್ಷದ ದಿನಚರಿ ಬಿಡಿಸಿದೆ. ಕೆಂಪಮ್ಮನ ಹಸು ಕಳೆದಿತ್ತು. ಹುಡುಕಲು ಹೋದ ಪೇದೆ ಹಿಂತಿರುಗುವವರೆಗೆ ಅವಳು ಠಾಣೆಯ ಜಗಲಿಯಲ್ಲಿ ಕಾದಿದ್ದಳು, ಅಷ್ಟೇ.

ಎರಡು ಪುಟವನ್ನೂ ಹೊಡೆದುಹಾಕಿದೆ. ಆ ಜಾಗದಲ್ಲಿ ಬಹಳ ಎಚ್ಚರದಿಂದ ಬರೆದೆ: "ಕೆಂಪಮ್ಮ ಯಾವುದೇ ಕಳವು ಅಥವಾ ವಂಚನೆ ಪ್ರಕರಣದಲ್ಲಿ ಭಾಗಿಯಾಗಿರಲಿಲ್ಲ."

ಓದಿ ನೋಡಿದೆ. ವಾಕ್ಯ ಸಂಪಾದಕರದು. ಪ್ರೇಮವನ್ನು ತೆಗೆದದ್ದಷ್ಟೇ ನನ್ನ ಸಂಶೋಧನೆ.